‘ಇನ್ನೂ ಗೊತ್ತಿಲ್ಲ’ ಎನ್ನುವ ವೈದ್ಯ

ರೋಗಪತ್ತೆಯ ಕಥೆಗಳನ್ನು ನಾವು ಪತ್ತೇದಾರಿ ಕಥೆಗಳ ಹಾಗೆ ಓದುತ್ತೇವೆ. ಹಾಗೆ ಓದುವುದಕ್ಕೆ ಕಾರಣವೂ ಇದೆ, ಎರಡಕ್ಕೂ ನೆಂಟಸ್ತನ ಹಳೆಯದು. ಷರ್ಲಾಕ್ ಹೋಮ್ಸ್‌ನನ್ನು ಸೃಷ್ಟಿಸಿದ ಆರ್ಥರ್ ಕಾನನ್ ಡಾಯ್ಲ್ ಎಡಿನ್‌ಬರೊದಲ್ಲಿ ವೈದ್ಯಕೀಯ ಓದಿದವನು. ಅಲ್ಲಿ ಅವನ ಮೇಷ್ಟ್ರಾಗಿದ್ದ ಜೋಸೆಫ್ ಬೆಲ್, ಎದುರು ಕೂತ ರೋಗಿಯ ನಡಿಗೆ, ಉಡುಪು, ಅಂಗೈ ನೋಡಿಯೇ ಅವನ ಕಸುಬು ಯಾವುದೆಂದು ಹೇಳಿಬಿಡುವುದರಲ್ಲಿ ಹೆಸರಾದವನು. ಹೋಮ್ಸ್ ಹುಟ್ಟಿದ್ದು ಆ ಮೇಷ್ಟ್ರ ನೆರಳಿನಲ್ಲಿ. ನೂರು ವರ್ಷ ಕಳೆದ ಮೇಲೆ ಅಮೆರಿಕದ ‘ಹೌಸ್’ ಎಂಬ ಟೀವಿ ಧಾರಾವಾಹಿ (2004–2012) ಅದೇ ಹೋಮ್ಸ್‌ನನ್ನು ವೈದ್ಯನನ್ನಾಗಿ ಮಾಡಿ ಮತ್ತೆ ಆಸ್ಪತ್ರೆಗೆ ಕರೆತಂದಿತು. ಇಂಥ ಕಥೆಗಳಲ್ಲಿ ಅನುಮಾನಗಳು ಒಂದರ ಮೇಲೊಂದು ಬರುತ್ತವೆ, ಎರಡು ಸಲ ತಪ್ಪು ಹೆಸರು ಬೀಳುತ್ತದೆ, ಮೂರನೆಯ ಸಲ ಸರಿಯಾದ ಹೆಸರು ಸಿಗುತ್ತದೆ. ರೋಗದ ಹೆಸರು ಗೊತ್ತಾದ ಕ್ಷಣಕ್ಕೆ ಕಥೆ ಮುಗಿಯುತ್ತದೆ.

ಈ ಬಗೆಯ ಕಥೆಗಳಲ್ಲಿ ಅನಿಶ್ಚಿತತೆ ಎಂದರೆ ಉತ್ತರ ಬರುವುದಕ್ಕೆ ಮುಂಚಿನ ತಡ, ಅಷ್ಟೇ. ಉತ್ತರ ಎಲ್ಲೋ ಇದೆ ಎಂಬ ಭರವಸೆಯ ಮೇಲೆ ನಾವು ಪುಟ ತಿರುಗಿಸುತ್ತೇವೆ. ಆದರೆ ವೈದ್ಯನೊಬ್ಬ ದಿನವೂ ಎದುರಿಸುವ ಅನಿಶ್ಚಿತತೆ ಬೇರೆ ಜಾತಿಯದು. ಎಷ್ಟೋ ಸಲ ರೋಗಕ್ಕೆ ಹೆಸರು ಸಿಗುವ ಮೊದಲೇ ಅದು ವಾಸಿಯಾಗಿಬಿಡುತ್ತದೆ. ಕೆಲವು ಸಲ ಹೆಸರು ಸಿಗುವ ಮೊದಲೇ ರೋಗಿ ತೀರಿಕೊಳ್ಳುತ್ತಾನೆ. ಇನ್ನು ಕೆಲವು ಸಲ ಹೆಸರು ಸಿಕ್ಕಿದರೂ ರೋಗಿಯ ಪ್ರಶ್ನೆ ಹಾಗೇ ಉಳಿಯುತ್ತದೆ. ಗೊತ್ತಿಲ್ಲದಿರುವುದರ ನಡುವೆಯೇ ಏನಾದರೊಂದು ಮಾಡಬೇಕು, ಏನಾದರೊಂದು ಹೇಳಬೇಕು. ಆ ಹೇಳುವ ಮಾತು ಹೇಗಿರುತ್ತದೆ, ಹೇಗಿರಬೇಕು ಎಂಬುದನ್ನು ಪತ್ತೇದಾರಿ ಮಾದರಿಯ ಕಥೆಗಳಿಂದ ಕಲಿಯಲಾಗದು ಎಂದು ನನಗನ್ನಿಸುತ್ತದೆ. ಅದಕ್ಕೆ ಬೇರೆ ಕೃತಿಗಳ ಹತ್ತಿರ ಹೋಗಬೇಕು. ಇಲ್ಲಿ ನಾಲ್ಕನ್ನು ಒಟ್ಟಿಗೆ ಇಟ್ಟು ನೋಡುತ್ತೇನೆ. ಟಾಲ್‌ಸ್ಟಾಯ್‌ನ ‘ಇವಾನ್ ಇಲಿಚ್‌ನ ಸಾವು’, ಅನಂತಮೂರ್ತಿಯವರ ‘ಸಂಸ್ಕಾರ’, ಶಸ್ತ್ರವೈದ್ಯ ಅತುಲ್ ಗವಾಂಡೆಯವರ ಒಂದು ಪ್ರಬಂಧ ಮತ್ತು ಚೆಕಾವ್‌ನ ಒಂದು ಸಣ್ಣಕಥೆ. ನಾನು ವೈದ್ಯನಲ್ಲ, ಸಾಹಿತ್ಯದ ಓದುಗ. ಆದರೂ ಕೃತಿಗಳಿಗೆ ಹೋಗುವ ಮೊದಲು ವೈದ್ಯನ ಮೇಜಿನ ಆಚೆ ಬದಿಯನ್ನು ಒಂದಿಷ್ಟು ನೋಡಿಕೊಳ್ಳುವುದು ಒಳ್ಳೆಯದು.

ನಮ್ಮ ಊರುಗಳ ಮಳೆಗಾಲದ ಜ್ವರವನ್ನೇ ತೆಗೆದುಕೊಳ್ಳಿ. ಎರಡು ದಿನದಿಂದ ಜ್ವರ, ಮೈಕೈ ನೋವು, ತಲೆನೋವು ಎಂದು ಒಬ್ಬ ಬರುತ್ತಾನೆ. ಅದು ತಾನಾಗಿ ಹೋಗುವ ಸಾಧಾರಣ ವೈರಲ್ ಜ್ವರವಿರಬಹುದು. ಡೆಂಗಿ ಇರಬಹುದು, ಟೈಫಾಯಿಡ್ ಇರಬಹುದು, ಗದ್ದೆಯಲ್ಲಿ ಕೆಲಸ ಮಾಡುವವನಾದರೆ ಇಲಿಜ್ವರವೂ ಇರಬಹುದು. ಮೊದಲ ದಿನಗಳಲ್ಲಿ ಇವೆಲ್ಲದರ ಮುಖ ಹೆಚ್ಚುಕಡಿಮೆ ಒಂದೇ. ರಕ್ತಪರೀಕ್ಷೆ ಇದೆಯಲ್ಲ ಎನ್ನುತ್ತೇವೆ. ಆದರೆ ಡೆಂಗಿಯಲ್ಲಿ ವೈರಸ್ಸಿನ ಅಂಶವನ್ನೇ ಹುಡುಕುವ ಎನ್‌ಎಸ್1 ಪರೀಕ್ಷೆ ಉಪಯೋಗಕ್ಕೆ ಬರುವುದು ಮೊದಲ ಕೆಲವು ದಿನ. ದೇಹ ತಯಾರಿಸುವ ಪ್ರತಿಕಾಯಗಳನ್ನು ಹುಡುಕುವ ಪರೀಕ್ಷೆ ಸರಿಯಾಗಿ ಹೇಳುವುದು ಸುಮಾರು ಐದನೆಯ ದಿನದ ನಂತರ. ನೆಗೆಟಿವ್ ಬಂದ ಮಾತ್ರಕ್ಕೆ ಡೆಂಗಿ ಇಲ್ಲ ಎನ್ನುವಂತಿಲ್ಲ. ಟೈಫಾಯಿಡ್‌ಗೆ ಮಾಡಿಸುವ ವಿಡಾಲ್ ಪರೀಕ್ಷೆಯ ಪಾಡು ಇದರ ತಿರುಗಾಮುರುಗಾ. ರೋಗ ಸದಾ ಓಡಾಡಿಕೊಂಡಿರುವ ನಮ್ಮಂಥ ಕಡೆ, ಹಿಂದೆಂದೋ ತಗುಲಿದ ಸೋಂಕಿನ ನೆನಪನ್ನೂ ಅದು ಈಗಿನ ರೋಗವೆಂದು ತೋರಿಸಿಬಿಡಬಹುದು. ಹಾಗಾಗಿ ಅನುಭವಸ್ಥ ವೈದ್ಯನಿಗೆ ಕಾಲವೂ ಒಂದು ಪರೀಕ್ಷೆಯೇ. ‘ಎರಡು ದಿನ ನೋಡೋಣ’ ಎನ್ನುವ ಮಾತು ಸೋಮಾರಿತನದ್ದಾಗಿರಬಹುದು, ಬುದ್ಧಿಯದ್ದೂ ಆಗಿರಬಹುದು. ಯಾವುದೆಂದು ತಿಳಿಯುವುದು ಅದರ ಹಿಂದೆ ಬರುವ ಮಾತಿನಿಂದ. ‘ಹೊಟ್ಟೆನೋವು ಜೋರಾದರೆ, ವಾಂತಿ ನಿಲ್ಲದಿದ್ದರೆ, ವಸಡಿನಲ್ಲೋ ಮೂಗಿನಲ್ಲೋ ರಕ್ತ ಕಂಡರೆ ಆ ಹೊತ್ತಿಗೇ ಬನ್ನಿ, ಜ್ವರ ಬಿಟ್ಟಿತೆಂದು ಮೈಮರೆಯಬೇಡಿ, ಬಿಡುವ ಹೊತ್ತೇ ಅಪಾಯದ್ದು’ ಎಂದು ಹೇಳಿ ಕಳಿಸಿದವನು ತನಗೆ ಗೊತ್ತಿಲ್ಲದ್ದನ್ನು ರೋಗಿಯ ಜೊತೆ ಹಂಚಿಕೊಂಡಿದ್ದಾನೆ.

ಪರೀಕ್ಷೆಯ ಚೀಟಿಯನ್ನು ತೀರ್ಪಿನ ಹಾಗೆ ಓದುವ ಅಭ್ಯಾಸ ರೋಗಿಗಳದ್ದು ಮಾತ್ರವಲ್ಲ. 1978ರಲ್ಲಿ ಹಾರ್ವರ್ಡ್‌ನಲ್ಲಿ 60 ಜನರ ಮುಂದೆ, ವೈದ್ಯರು ಮತ್ತು ವೈದ್ಯ ವಿದ್ಯಾರ್ಥಿಗಳ ಮುಂದೆ, ಒಂದು ಲೆಕ್ಕ ಇಟ್ಟರು. ಸಾವಿರಕ್ಕೆ ಒಬ್ಬರಲ್ಲಿರುವ ಒಂದು ರೋಗ. ಅದನ್ನು ಹುಡುಕುವ ಪರೀಕ್ಷೆ ರೋಗವಿಲ್ಲದ ನೂರು ಜನರಲ್ಲಿ 5 ಜನರಿಗೆ ತಪ್ಪಾಗಿ ‘ಇದೆ’ ಎನ್ನುತ್ತದೆ. ಈಗ ಒಬ್ಬನಿಗೆ ‘ಇದೆ’ ಎಂದು ಬಂದಿದೆ, ನಿಜವಾಗಿ ಇರುವ ಸಂಭವ ಎಷ್ಟು? ಅತಿ ಹೆಚ್ಚು ಸಲ ಬಂದ ಉತ್ತರ ನೂರಕ್ಕೆ 95. ಸರಿಯುತ್ತರ ಸುಮಾರು 2. ಸಾವಿರ ಜನರನ್ನು ಪರೀಕ್ಷಿಸಿದರೆ ನಿಜವಾದ ರೋಗಿ ಒಬ್ಬ, ಸುಮ್ಮನೆ ಹೆದರಿಸಿಕೊಂಡವರು ಸುಮಾರು 50. ಸರಿಯಾಗಿ ಹೇಳಿದವರು 60ರಲ್ಲಿ 11 ಜನ. ಅನಿಶ್ಚಿತತೆಯನ್ನು ಕಳೆಯಲೆಂದು ಮಾಡಿದ ಉಪಕರಣವೇ ಹೊಸ ಅನಿಶ್ಚಿತತೆಯನ್ನು ಹೆರುತ್ತದೆ. ಅದನ್ನು ಕಾಣದಂತೆ ಮಾಡುವುದು ಚೀಟಿಯ ಮೇಲಿನ ಅಚ್ಚುಕಟ್ಟಾದ ಅಂಕಿ.

ಇಷ್ಟು ತಿಳಿದುಕೊಂಡು ಟಾಲ್‌ಸ್ಟಾಯ್ ಹತ್ತಿರ ಬರೋಣ. ‘ಇವಾನ್ ಇಲಿಚ್‌ನ ಸಾವು’ 1886ರ ಕೃತಿ. ಹೊಸ ಮನೆಗೆ ಪರದೆ ಹೇಗೆ ಕಟ್ಟಬೇಕೆಂದು ತೋರಿಸಲು ಏಣಿ ಹತ್ತಿದ ನ್ಯಾಯಾಧೀಶ ಜಾರಿ ಪಕ್ಕೆಗೆ ಪೆಟ್ಟು ಮಾಡಿಕೊಳ್ಳುತ್ತಾನೆ. ಆಮೇಲೆ ಬಾಯಲ್ಲಿ ಏನೋ ವಿಚಿತ್ರ ರುಚಿ, ಪಕ್ಕೆಯಲ್ಲಿ ಭಾರ. ಹೆಸರಾಂತ ವೈದ್ಯನೊಬ್ಬನ ಬಳಿ ಹೋಗುತ್ತಾನೆ. ಆ ವೈದ್ಯನಿಗೆ ಅನಿಶ್ಚಿತತೆ ಇಲ್ಲವೆಂದಲ್ಲ, ಬೇಕಾದಷ್ಟಿದೆ. ಮೂತ್ರಪಿಂಡ ತನ್ನ ಜಾಗದಿಂದ ಸರಿದಿದೆಯೋ, ಕರುಳಿನ ಹಳೆಯ ಊತವೋ, ಕುರುಡುಗರುಳಿನ ತೊಂದರೆಯೋ ಎಂದು ಅವನು ತೂಗಿ ನೋಡುತ್ತಾನೆ. ಕೊನೆಗೆ ಕುರುಡುಗರುಳಿನ ಪರವಾಗಿ ಅಮೋಘವಾಗಿ ವಾದಿಸಿ, ಮೂತ್ರದ ಪರೀಕ್ಷೆಯಲ್ಲಿ ಹೊಸ ಸಾಕ್ಷ್ಯ ಸಿಕ್ಕಿದರೆ ಮೊಕದ್ದಮೆಯನ್ನು ಮತ್ತೆ ತೆರೆಯಬಹುದೆಂದು ಅವಕಾಶ ಇಟ್ಟುಕೊಳ್ಳುತ್ತಾನೆ. ಇಂದಿನ ಯಾವ ವೈದ್ಯಕೀಯ ಪಠ್ಯವೂ ಇದರಲ್ಲಿ ದೊಡ್ಡ ತಪ್ಪು ಹುಡುಕಲಾರದು. ಸಾಧ್ಯತೆಗಳ ಪಟ್ಟಿ ಮಾಡುವುದು, ಸಾಕ್ಷ್ಯ ತೂಗುವುದು, ತೀರ್ಮಾನವನ್ನು ತಾತ್ಕಾಲಿಕವೆಂದು ಇಟ್ಟುಕೊಳ್ಳುವುದು, ಎಲ್ಲ ಇದೆ.

ಆದರೆ ಇವಾನ್ ಇಲಿಚ್‌ಗೆ ಇರುವುದು ಒಂದೇ ಪ್ರಶ್ನೆ. ತನ್ನ ಸ್ಥಿತಿ ಅಪಾಯದ್ದೋ ಅಲ್ಲವೋ? ವೈದ್ಯನಿಗೆ ಅದು ಪ್ರಶ್ನೆಯೇ ಅಲ್ಲ, ಮೂರು ಅಂಗಗಳ ನಡುವಿನ ವ್ಯಾಜ್ಯದಲ್ಲಿ ಅದು ಅಪ್ರಸ್ತುತ. ಬಾಯಿಬಿಟ್ಟು ಕೇಳಿದಾಗ, ಕೇಳಬಾರದ್ದನ್ನು ಕೇಳಿದ ಆರೋಪಿಯನ್ನು ನೋಡುವಂತೆ ಕನ್ನಡಕದ ಮೇಲಿಂದ ಒಂದು ನೋಟ ಬೀರಿ, ಹೇಳಬೇಕಾದ್ದನ್ನು ಆಗಲೇ ಹೇಳಿಯಾಗಿದೆ ಎನ್ನುತ್ತಾನೆ. ಟಾಲ್‌ಸ್ಟಾಯ್‌ನ ಬರವಣಿಗೆಯ ಪೆಟ್ಟು ಇರುವುದು ಇಲ್ಲಿ. ನ್ಯಾಯಾಲಯದ ಭಾಷೆಯನ್ನು ಅವನು ವೈದ್ಯನ ಬಾಯಿಗೆ ಹಾಕಿದ್ದಾನೆ. ಇದೇ ಧಾಟಿಯಲ್ಲಿ, ಇದೇ ನಯದಲ್ಲಿ ಇವಾನ್ ಇಲಿಚ್ ಎಷ್ಟೋ ಆರೋಪಿಗಳ ಮುಂದೆ ತನ್ನ ಜಾಣ್ಮೆ ಮೆರೆದಿದ್ದಾನೆ. ಅವರ ಜೀವದ ಪ್ರಶ್ನೆಯನ್ನು ಕಾಗದದ ಪ್ರಶ್ನೆಯಾಗಿ ತಿರುಗಿಸುವುದರಲ್ಲಿ ಅವನೂ ಪಳಗಿದವನೇ. ಈಗ ಆ ಮೇಜಿನ ಈಚೆ ಕೂತಿದ್ದಾನೆ.

ಈ ಪ್ರಸಂಗವನ್ನು ಸಾಮಾನ್ಯವಾಗಿ ‘ವೈದ್ಯನ ನಿರ್ದಯತೆ’ ಎಂದು ಓದಿ ಮುಗಿಸುತ್ತಾರೆ. ನನಗೆ ಆ ಓದು ಸಾಲದೆನ್ನಿಸುತ್ತದೆ. ಆ ವೈದ್ಯನಿಗೆ ಎರಡು ಬಗೆಯ ಗೊತ್ತಿಲ್ಲದಿರುವಿಕೆಗಳಿವೆ. ರೋಗ ಯಾವುದೆಂದು ಗೊತ್ತಿಲ್ಲ. ರೋಗಿ ಬದುಕುತ್ತಾನೋ ಇಲ್ಲವೋ ಗೊತ್ತಿಲ್ಲ. ಮೊದಲನೆಯದರಲ್ಲಿ ಅವನಿಗೆ ಸುಖವಿದೆ, ಅದು ಅವನ ವಿದ್ಯೆಯ ಅಂಗಳ, ಅಲ್ಲಿ ಅವನು ಈಜಾಡುತ್ತಾನೆ. ಎರಡನೆಯದು ಅವನಿಗೂ ಭಯ ಹುಟ್ಟಿಸುವಂಥದ್ದು. ಅದಕ್ಕಾಗಿ ಮೊದಲನೆಯದನ್ನು ಮುಂದೆ ಮಾಡಿ ಎರಡನೆಯದನ್ನು ಮುಚ್ಚುತ್ತಾನೆ. ಅನಿಶ್ಚಿತತೆಯನ್ನು ಒಪ್ಪಿಕೊಂಡ ವೈದ್ಯ ಒಳ್ಳೆಯವನು, ಒಪ್ಪದವನು ಕೆಟ್ಟವನು ಎಂಬ ಸರಳ ಸೂತ್ರ ಇಲ್ಲಿ ಮುರಿದು ಬೀಳುತ್ತದೆ. ಯಾರ ಅನಿಶ್ಚಿತತೆಯನ್ನು ಒಪ್ಪಿಕೊಂಡ, ಯಾರ ಪ್ರಶ್ನೆಗೆ ಉತ್ತರವಾಗಿ ಒಪ್ಪಿಕೊಂಡ ಎಂದು ಕೇಳಬೇಕಾಗುತ್ತದೆ.

ಕಾದಂಬರಿಕಾರನ ನಡೆ ಇನ್ನೂ ಒಂದಿದೆ. ಇವಾನ್ ಇಲಿಚ್‌ನ ರೋಗ ಯಾವುದು ಎಂದು ಟಾಲ್‌ಸ್ಟಾಯ್ ಕೊನೆಯವರೆಗೂ ಹೇಳುವುದಿಲ್ಲ. ಕ್ಯಾನ್ಸರ್ ಇದ್ದೀತೆಂದು ಓದುಗರು ಊಹಿಸುತ್ತ ಬಂದಿದ್ದಾರೆ, ಊಹಿಸುವುದಕ್ಕೆ ಬೇಕಾದ ಲಕ್ಷಣಗಳೂ ಇವೆ. ಆದರೆ ಕೃತಿ ಮೌನವಾಗಿದೆ. ಮೇಲಿಂದ ಮೇಲೆ ಬೇರೆ ವೈದ್ಯರು ಬಂದು ಹೋಗುತ್ತಾರೆ, ಹೋಮಿಯೋಪಥಿಯವನೂ ಬರುತ್ತಾನೆ, ಪ್ರತಿಯೊಬ್ಬನದೂ ಒಂದೊಂದು ಮಾತು. ಇವರಲ್ಲಿ ಯಾರಿಂದಲೂ ಸಿಗದ ಸಮಾಧಾನ ಸಿಗುವುದು ಗೆರಾಸಿಮ್ ಎಂಬ ಹಳ್ಳಿಯ ಆಳಿನಿಂದ. ಯಜಮಾನನ ಕಾಲುಗಳನ್ನು ತನ್ನ ಹೆಗಲ ಮೇಲೆ ಇಟ್ಟುಕೊಂಡು ರಾತ್ರಿಯೆಲ್ಲ ಕೂರುವವನು ಅವನು. ಅವನಿಗೆ ರೋಗದ ಬಗ್ಗೆ ಏನೇನೂ ಗೊತ್ತಿಲ್ಲ. ಯಜಮಾನ ಸಾಯುತ್ತಿದ್ದಾನೆ ಎಂಬುದನ್ನು ಮಾತ್ರ ಅವನು ಮುಚ್ಚಿಡುವುದಿಲ್ಲ. ಹಾಗೆಂದು ಗೆರಾಸಿಮ್‌ನನ್ನು ವೈದ್ಯರಿಗೆ ಮಾದರಿಯಾಗಿ ನಿಲ್ಲಿಸುವುದು ತಪ್ಪು. ಕುರುಡುಗರುಳು ಬಾತಿರುವವನಿಗೆ ಹೆಗಲು ಕೊಟ್ಟರೆ ಸಾಲದು. ಟಾಲ್‌ಸ್ಟಾಯ್ ವಿದ್ಯೆಯನ್ನೇ ಅನುಮಾನದಿಂದ ನೋಡಿದವನು, ಅವನ ಒಲವು ಎತ್ತ ಎಂಬುದು ಗೊತ್ತಿರುವುದೇ. ಆ ಒಲವನ್ನು ಪಕ್ಕಕ್ಕಿಟ್ಟು, ಅವನು ತೋರಿಸಿದ ಬಿರುಕನ್ನು ಮಾತ್ರ ಉಳಿಸಿಕೊಳ್ಳಬೇಕು.

‘ಸಂಸ್ಕಾರ’ವನ್ನು (1965) ಈ ಸಾಲಿನಲ್ಲಿ ಇಟ್ಟಿದ್ದು ನೋಡಿ ಕೆಲವರಿಗೆ ಆಶ್ಚರ್ಯವಾಗಬಹುದು. ಬ್ರಾಹ್ಮಣ್ಯ, ಕಾಮ, ಆಯ್ಕೆ ಎಂದು ಅದನ್ನು ಎಷ್ಟು ಸಲ ಚರ್ಚಿಸಿದ್ದೇವೆಂದರೆ, ಅದು ಒಂದು ತಪ್ಪಿಹೋದ ರೋಗಪತ್ತೆಯ ಕಥೆಯೂ ಹೌದು ಎಂಬುದು ಕಣ್ಣಿಗೆ ಬೀಳುವುದೇ ಇಲ್ಲ. ಶಿವಮೊಗ್ಗೆಗೆ ಹೋಗಿ ಬಂದ ನಾರಣಪ್ಪ ಜ್ವರ ಬಂದು, ಗಡ್ಡೆ ಎದ್ದು ಸಾಯುತ್ತಾನೆ. ಇಲಿಗಳು ಸಾಯುತ್ತವೆ. ಮನೆಗಳ ಮೇಲೆ ಹದ್ದುಗಳು ಬಂದು ಕೂರುತ್ತವೆ. ಅಗ್ರಹಾರದವರು ಜಾಗಟೆ, ಶಂಖ ಊದಿ ಬಾರಿಸಿ ಹದ್ದುಗಳನ್ನು ಓಡಿಸುತ್ತಾರೆ. ಓದುಗನಿಗೆ ಬಹಳ ಬೇಗ ಗೊತ್ತಾಗಿಬಿಡುತ್ತದೆ, ಇದು ಪ್ಲೇಗು. ದೂರ್ವಾಸಪುರದವರಿಗೆ ಗೊತ್ತಾಗುವುದಿಲ್ಲ. ಅವರು ದಡ್ಡರೇ? ಅಲ್ಲ. ಅವರ ಮುಂದೆ ಇನ್ನೊಂದು ಪ್ರಶ್ನೆ ಇದೆ, ಅದು ಹೊಟ್ಟೆಯನ್ನು ಸುಡುತ್ತಿದೆ. ಹೆಣ ಮನೆಯಲ್ಲಿರುವವರೆಗೆ ಊಟವಿಲ್ಲ. ಬ್ರಾಹ್ಮಣ್ಯ ಬಿಟ್ಟವನ ಸಂಸ್ಕಾರ ಯಾರು ಮಾಡಬೇಕು? ಈ ಪ್ರಶ್ನೆ ಎಷ್ಟು ದೊಡ್ಡದಾಗಿ ನಿಂತಿದೆಯೆಂದರೆ, ಹೊಸದಾಗಿ ಕಂಡ ಪ್ರತಿಯೊಂದು ಲಕ್ಷಣವೂ ಅದರ ಉತ್ತರವಾಗಿಯೇ ಕಾಣುತ್ತದೆ. ಹದ್ದು ಬಂದಿದ್ದು ಸಂಸ್ಕಾರವಾಗದ ಹೆಣದಿಂದ. ಸಾವು ಬಂದಿದ್ದೂ ಅದರಿಂದಲೇ.

ವೈದ್ಯಕೀಯದಲ್ಲಿ ಈ ತಪ್ಪು ಹೊಸದಲ್ಲ. ಮೊದಲು ಹೊಳೆದ ವಿವರಣೆಗೆ ಮನಸ್ಸು ಲಂಗರು ಹಾಕಿಬಿಡುತ್ತದೆ. ಆಮೇಲೆ ಬಂದ ಸಾಕ್ಷ್ಯವೆಲ್ಲ ಆ ದೋಣಿಯನ್ನೇ ಸುತ್ತುತ್ತದೆ. ‘ಸಂಸ್ಕಾರ’ ಇದಕ್ಕೆ ಸೇರಿಸುವುದು ಒಂದು ಸಾಮಾಜಿಕ ಸತ್ಯವನ್ನು. ಅಗ್ರಹಾರದ ಹೊರಗಿನ ದಲಿತರ ಕೇರಿಯಲ್ಲೂ ಜನ ಸಾಯುತ್ತಿದ್ದಾರೆ, ಅವರ ಗುಡಿಸಲಿಗೆ ಬೆಂಕಿ ಬೀಳುತ್ತಿದೆ. ಇಲಿಗಳು ಬರುತ್ತಿರುವುದನ್ನು ಅಲ್ಲಿಯವರು ನೋಡಿದ್ದಾರೆ. ಎರಡೂ ಕಡೆಯ ಸಾವುಗಳನ್ನು ಒಟ್ಟಿಗೆ ಎಣಿಸಿದ್ದರೆ ಉತ್ತರ ಕೈಗೆಟುಕುವ ದೂರದಲ್ಲಿತ್ತು. ಎಣಿಸುವವರಿಲ್ಲ. ಮಾಹಿತಿ ಇದ್ದ ಕಡೆಗೂ ತೀರ್ಮಾನ ಮಾಡುವವರು ಕೂತ ಕಡೆಗೂ ನಡುವೆ ಜಾತಿಯ ಗೆರೆ ಇದೆ, ಮಾತು ಆ ಗೆರೆ ದಾಟುವುದಿಲ್ಲ. ಆ ಚುಕ್ಕೆಗಳನ್ನು ಸೇರಿಸಿ ನೋಡುವುದು ಪಾರಿಜಾತಪುರದ ಮಂಜಯ್ಯ, ಅಗ್ರಹಾರದ ಇಕ್ಕಟ್ಟಿನ ಹೊರಗಿರುವವನು. ರೋಗಪತ್ತೆ ಬುದ್ಧಿವಂತಿಕೆಯ ಕೆಲಸವಷ್ಟೇ ಎಂದುಕೊಂಡರೆ ಇದು ಕಾಣುವುದಿಲ್ಲ. ಯಾರ ಮಾತನ್ನು ಲಕ್ಷಣವೆಂದು ತೆಗೆದುಕೊಳ್ಳುತ್ತೇವೆ, ಯಾರ ಮಾತನ್ನು ಗೊಣಗಾಟವೆಂದು ಬಿಡುತ್ತೇವೆ ಎಂಬುದರ ಮೇಲೂ ಅದು ನಿಂತಿದೆ. ಹೊರರೋಗಿ ವಿಭಾಗದ ಸಾಲಿನಲ್ಲಿ ನಿಂತ ಹೆಂಗಸೊಬ್ಬಳು ‘ಸುಸ್ತು’ ಎಂದರೆ ಅದು ಎಷ್ಟು ಸಲ ಬರಹಕ್ಕಿಳಿಯುತ್ತದೆ?

ಇದಕ್ಕೆ ಎದುರಾಗಿ ಅದೇ ಶಿವಮೊಗ್ಗ ಜಿಲ್ಲೆಯ ಒಂದು ನಿಜ ಪ್ರಸಂಗವನ್ನು ನೆನೆಯಬಹುದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸಾಯತೊಡಗಿದವು, ಊರುಗಳಲ್ಲಿ ಜ್ವರ ಕಾಣಿಸಿತು. ಅಲ್ಲಿ ಸತ್ತ ಪ್ರಾಣಿಗಳನ್ನು ಲಕ್ಷಣವಾಗಿ ಓದಿದವರಿದ್ದರು. ಮಂಗ ಮತ್ತು ಮನುಷ್ಯ ಎರಡೂ ಸಾಯುತ್ತಿರುವುದರಿಂದ, ಭಾರತದಲ್ಲಿ ಎಂದೂ ಇರದಿದ್ದ ಹಳದಿಜ್ವರ ಬಂತೇನೋ ಎಂಬ ಆತಂಕ ಮೊದಲು ಹುಟ್ಟಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಆ ಊಹೆಗೆ ಅಂಟಿಕೊಳ್ಳಲಿಲ್ಲ, ಪರೀಕ್ಷಿಸಿದರು. ಸಿಕ್ಕಿದ್ದು ಆವರೆಗೆ ಯಾವ ಪಟ್ಟಿಯಲ್ಲೂ ಇಲ್ಲದ, ಉಣುಗಿನಿಂದ ಹರಡುವ ಹೊಸ ವೈರಸ್. ನಾವು ಮಂಗನ ಕಾಯಿಲೆ ಎನ್ನುವುದು ಅದನ್ನೇ. ಮೊದಲ ಊಹೆ ತಪ್ಪಾಗಿದ್ದರೂ ಅದು ಕೆಲಸಕ್ಕೆ ಬಂತು, ಯಾಕೆಂದರೆ ಅದನ್ನು ಊಹೆಯಾಗಿಯೇ ಹಿಡಿದಿದ್ದರು.

‘ಸಂಸ್ಕಾರ’ದಲ್ಲಿ ಇನ್ನೂ ಒಂದು ದೃಶ್ಯ ನನಗೆ ಮುಖ್ಯ. ತಾಳೆಗರಿಗಳಲ್ಲೆಲ್ಲ ಹುಡುಕಿ ಸೋತ ಪ್ರಾಣೇಶಾಚಾರ್ಯರು ಮಾರುತಿಯ ಗುಡಿಗೆ ಹೋಗಿ ಪ್ರಸಾದ ಕೇಳುತ್ತಾರೆ. ಬಲಗಡೆಯ ಹೂ ಬಿದ್ದರೆ ಒಂದು, ಎಡಗಡೆಯದು ಬಿದ್ದರೆ ಇನ್ನೊಂದು. ಹೊತ್ತು ಇಳಿದರೂ ಹೂ ಬೀಳುವುದಿಲ್ಲ. ದೇವರು ‘ಹೌದು’ ಎನ್ನಲಿಲ್ಲ, ‘ಅಲ್ಲ’ ಎನ್ನಲಿಲ್ಲ. ಪರೀಕ್ಷೆಯ ಚೀಟಿಗಾಗಿ ಲ್ಯಾಬಿನ ಕಿಟಕಿಯ ಮುಂದೆ ಕಾಯುವವರ ಮುಖದಲ್ಲಿ ನಾನು ಆಗಾಗ ಆ ಆಚಾರ್ಯರನ್ನು ಕಂಡಿದ್ದೇನೆ. ನಿರ್ಧಾರದ ಭಾರವನ್ನು ತನ್ನ ತಲೆಯಿಂದ ಇಳಿಸಿ ಬೇರೆ ಎಲ್ಲಾದರೂ ಇಡಬೇಕೆಂಬ ಆಸೆ ಅದು. ವೈದ್ಯರಿಗೂ ಆ ಆಸೆ ಇರುತ್ತದೆ, ಇನ್ನೊಂದು ಸ್ಕ್ಯಾನ್ ಬರೆದುಕೊಡುವಾಗ. ಕಾದಂಬರಿ ಹೇಳುವಂತೆ, ಹೂ ಬೀಳದ ಮೇಲೂ ಕತ್ತಲಲ್ಲಿ ನಡೆಯಲೇಬೇಕು. ಆಚಾರ್ಯರ ನಿಜವಾದ ಬದುಕು ಶುರುವಾಗುವುದು ಅಲ್ಲಿಂದ.

ಕತ್ತಲಲ್ಲಿ ನಡೆದ ವೈದ್ಯನೇ ಬರೆದರೆ ಅದು ಹೇಗಿರುತ್ತದೆ? ಗವಾಂಡೆಯವರ ‘ಕಾಂಪ್ಲಿಕೇಶನ್ಸ್’ (2002) ಪುಸ್ತಕದ ಕೊನೆಯ ಪ್ರಬಂಧ ಒಂದು ಕೆಂಪಾದ ಕಾಲಿನ ಕುರಿತಾದ್ದು. ಅವರು ಬಾಸ್ಟನ್ನಿನಲ್ಲಿ ಇನ್ನೂ ತರಬೇತಿಯಲ್ಲಿದ್ದ ಕಾಲ. ಯುವತಿಯೊಬ್ಬಳು ಕಾಲು ಕೆಂಪಾಗಿ ಊದಿಕೊಂಡು ಬರುತ್ತಾಳೆ. ನೋಡಿದರೆ ಚರ್ಮದ ಸಾಧಾರಣ ಸೋಂಕು, ಆ್ಯಂಟಿಬಯೊಟಿಕ್ ಕೊಟ್ಟರೆ ಇಳಿಯುವಂಥದ್ದು. ಆದರೆ ಕೆಲವೇ ವಾರಗಳ ಹಿಂದೆ ಮಾಂಸವನ್ನೇ ತಿಂದುಹಾಕುವ ಅಪರೂಪದ ಸೋಂಕಿನಿಂದ ಒಬ್ಬ ರೋಗಿ ತೀರಿಕೊಂಡಿದ್ದನ್ನು ಗವಾಂಡೆ ಕಂಡಿದ್ದಾರೆ. ಆ ನೆನಪು ಬಿಡುವುದಿಲ್ಲ. ಅಂಗಾಂಶದ ತುಣುಕು ತೆಗೆದು ನೋಡೋಣವೆನ್ನುತ್ತಾರೆ. ನೋಡಿದರೆ ಅದೇ. ಹಲವು ಶಸ್ತ್ರಚಿಕಿತ್ಸೆಗಳ ನಂತರ ಜೀವವೂ ಉಳಿಯುತ್ತದೆ, ಕಾಲೂ ಉಳಿಯುತ್ತದೆ.

ಈ ಪ್ರಬಂಧದ ಪ್ರಾಮಾಣಿಕತೆ ಎಲ್ಲಿದೆಯೆಂದರೆ, ಲೇಖಕರು ತಮ್ಮ ಒಳದನಿಯನ್ನು ಕೊಂಡಾಡಿ ಕೂರುವುದಿಲ್ಲ. ಸಂಭವಗಳನ್ನು ಅಂಕಿಯಲ್ಲಿ ಹಾಕಿ, ಕವಲುಗಳ ನಕ್ಷೆ ಬರೆದು, ಲೆಕ್ಕ ಮಾಡಿ ನೋಡುತ್ತಾರೆ. ಲೆಕ್ಕದ ಪ್ರಕಾರ ಆ ತುಣುಕು ತೆಗೆಯಬಾರದಿತ್ತು. ತೆಗೆದಿದ್ದರಿಂದ ಅವಳು ಬದುಕಿದಳು. ಹಾಗಾದರೆ ಒಳದನಿ ದೊಡ್ಡದೋ ಲೆಕ್ಕ ದೊಡ್ಡದೋ ಎಂಬ ಪ್ರಶ್ನೆಯನ್ನು ಅವರು ತೀರ್ಮಾನಿಸದೆ ಬಿಡುತ್ತಾರೆ. ಒಂದು ಘಟನೆಯ ಆಘಾತ ಮುಂದಿನ ತೀರ್ಮಾನವನ್ನು ತಿರುಗಿಸುವುದು ಸಾಮಾನ್ಯವಾಗಿ ತಪ್ಪಿಗೆ ದಾರಿ ಎಂಬುದೂ ಅವರಿಗೆ ಗೊತ್ತು. ಈ ಸಲ ಅದು ಸರಿಯಾಯಿತು.

ಆದರೂ ನನಗೆ ಒಂದು ತಕರಾರಿದೆ, ಅದು ಲೇಖಕರ ಬಗ್ಗೆ ಎನ್ನುವುದಕ್ಕಿಂತ ಈ ಪ್ರಕಾರದ ಬಗ್ಗೆ. ತುಣುಕು ಪರೀಕ್ಷೆಯಲ್ಲಿ ಏನೂ ಸಿಗದೆ, ಕಾಲ ಮೇಲೆ ಒಂದು ಕಲೆ ಮಾತ್ರ ಉಳಿದು ಆ ಯುವತಿ ಮನೆಗೆ ಹೋಗಿದ್ದರೆ ನಾವು ಈ ಪ್ರಬಂಧ ಓದುತ್ತಿದ್ದೆವೇ? ಅದೇ ಅನುಮಾನ, ಅದೇ ಧೈರ್ಯ, ಅದೇ ಲೆಕ್ಕ ಇರುತ್ತಿತ್ತು, ಕಥೆ ಇರುತ್ತಿರಲಿಲ್ಲ. ಅಪರೂಪದ ಅನುಮಾನ ನಿಜವಾದಾಗ ಮಾತ್ರ ಅದು ಬರವಣಿಗೆಯಾಗುತ್ತದೆ. ಸುಳ್ಳಾದ ನೂರು ಅನುಮಾನಗಳು, ಅವುಗಳಿಗಾಗಿ ಚುಚ್ಚಿಸಿಕೊಂಡವರು, ದುಡ್ಡು ಸುರಿದವರು, ನಿದ್ದೆಗೆಟ್ಟವರು ಪುಸ್ತಕದ ಹೊರಗೇ ಉಳಿಯುತ್ತಾರೆ. ವೈದ್ಯರು ಬರೆದ ಇಂಥ ಕಥನಗಳನ್ನು ಸಾಲಾಗಿ ಓದಿದ ವಿದ್ಯಾರ್ಥಿಗೆ, ಅನುಮಾನಪಟ್ಟರೆ ಗೆಲ್ಲುತ್ತೇವೆ ಎಂಬ ಪಾಠ ಗೊತ್ತಿಲ್ಲದೆ ಒಳಗಿಳಿಯುತ್ತದೆ. ಅಂತ್ಯ ಗೊತ್ತಿರುವವನು ಅನಿಶ್ಚಿತತೆಯನ್ನು ಬರೆಯುವುದು ಕಷ್ಟ. ಎಷ್ಟೇ ಎಚ್ಚರ ವಹಿಸಿದರೂ ಅದು ಮತ್ತೆ ಪತ್ತೇದಾರಿ ಕಥೆಯ ಅಂಗಿ ತೊಟ್ಟುಕೊಂಡುಬಿಡುತ್ತದೆ.

ಈ ಬಲೆಗೆ ಬೀಳದ ವೈದ್ಯ ಲೇಖಕನೆಂದರೆ ಚೆಕಾವ್. 1898ರ ಒಂದು ಕಥೆ. ‘ವೃತ್ತಿಯಲ್ಲೊಂದು ಪ್ರಸಂಗ’ ಎಂದು ಅದರ ಹೆಸರನ್ನು ಕನ್ನಡಿಸಬಹುದು. ಮಾಸ್ಕೋದ ಪ್ರಾಧ್ಯಾಪಕನೊಬ್ಬನಿಗೆ ಕಾರ್ಖಾನೆಯ ಒಡತಿಯಿಂದ ತಂತಿ ಬರುತ್ತದೆ, ಮಗಳಿಗೆ ಹುಷಾರಿಲ್ಲ. ಅವನು ತನ್ನ ಸಹಾಯಕ ಕೊರೊಲ್ಯೋವ್‌ನನ್ನು ಕಳಿಸುತ್ತಾನೆ. ಹುಡುಗಿಗೆ ಎದೆ ಡವಡವ, ರಾತ್ರಿ ಭಯ. ಕೊರೊಲ್ಯೋವ್ ಪರೀಕ್ಷಿಸುತ್ತಾನೆ. ಹೃದಯ ಸರಿಯಿದೆ, ಎಲ್ಲ ಸರಿಯಿದೆ, ನರಗಳು ಒಂದಿಷ್ಟು ದಣಿದಿರಬೇಕು. ಅಷ್ಟು ಹೇಳಿ ಹೊರಡುವ ಆತುರ ಅವನಿಗೆ. ತಾಯಿ ಅಂಗಲಾಚಿದ್ದರಿಂದ ಒಂದು ರಾತ್ರಿ ಉಳಿಯುತ್ತಾನೆ.

ನಮ್ಮ ಆಸ್ಪತ್ರೆಗಳ ಮಾತಿನಲ್ಲಿ ಹೇಳುವುದಾದರೆ, ‘ಏನೂ ಇಲ್ಲ’ ಎಂಬ ಉತ್ತರ ಬಂದಾಗಿದೆ. ಚೆಕಾವ್‌ನ ಕಥೆ ಶುರುವಾಗುವುದು ಆ ಉತ್ತರದ ಆಚೆ. ರಾತ್ರಿ ಕೊರೊಲ್ಯೋವ್ ಕಾರ್ಖಾನೆಯ ಸುತ್ತ ಅಡ್ಡಾಡುತ್ತಾನೆ. ಕಾವಲುಗಾರರು ಹೊತ್ತು ತಿಳಿಸಲು ಲೋಹದ ತಗಡು ಬಡಿಯುವ ಕರ್ಕಶ ಸದ್ದು, ಕತ್ತಲಲ್ಲಿ ಕೆಂಪಗೆ ಹೊಳೆಯುವ ಕಿಟಕಿಗಳು, ನಿಸ್ತೇಜರಾದ ಕೂಲಿಗಳು, ಅವರ ದುಡಿಮೆಯಿಂದ ಸುಖಪಡಲಾಗದ ಒಡತಿಯರು. ಹುಡುಗಿ ಮಲಗುವ ಕೋಣೆಗೆ ಇವೆಲ್ಲ ಕೇಳುತ್ತವೆ, ಕಾಣುತ್ತವೆ. ಮತ್ತೆ ಒಳಗೆ ಬಂದಾಗ ಅವಳು ಎಚ್ಚರವಾಗಿದ್ದಾಳೆ. ತನಗೆ ಬೇಕಾಗಿರುವುದು ವೈದ್ಯನಲ್ಲ, ಹತ್ತಿರದ ಒಬ್ಬ ಮನುಷ್ಯ ಎನ್ನುತ್ತಾಳೆ. ಅವನಿಗೆ ಈಗ ರೋಗ ಗೊತ್ತಾಗಿದೆ ಎನ್ನಬಹುದು. ಅವಳು ಈ ಕಾರ್ಖಾನೆಯನ್ನೂ ಈ ದುಡ್ಡನ್ನೂ ಬಿಟ್ಟು ಹೋಗಬೇಕು. ಆದರೆ ಅದನ್ನು ಹೇಳುವುದು ಹೇಗೆ? ಇಷ್ಟೊಂದು ದುಡ್ಡು ನಿಮಗೇಕೆ ಎಂದು ಸಿರಿವಂತರನ್ನು ಕೇಳುವುದು ಸಂಕೋಚದ ವಿಷಯ. ಬಳಸಿ ಬಳಸಿ ಹೇಳುತ್ತಾನೆ. ನಿದ್ದೆ ಬಾರದಿರುವುದು ಅವಳ ಮಟ್ಟಿಗೆ ಗೌರವದ ಲಕ್ಷಣವೆಂದು ಅರ್ಥ ಬರುವಂತೆ ಮಾತಾಡುತ್ತಾನೆ. ಬೆಳಿಗ್ಗೆ ಅವಳು ಬಿಳಿ ಉಡುಪು ಧರಿಸಿ, ಮುಡಿಯಲ್ಲಿ ಹೂವಿಟ್ಟು ಬೀಳ್ಕೊಡಲು ಬರುತ್ತಾಳೆ. ವಾಸಿಯಾಯಿತೇ? ಕಾರ್ಖಾನೆ ಬಿಟ್ಟಳೇ? ಚೆಕಾವ್ ಹೇಳುವುದಿಲ್ಲ. ವೈದ್ಯ ಗಾಡಿ ಹತ್ತಿ ಹೊರಡುತ್ತಾನೆ, ಬೆಳಗಿನ ಬಿಸಿಲು ಅವನಿಗೆ ಹಿತವೆನಿಸುತ್ತದೆ.

ಚೆಕಾವ್ 1884ರಲ್ಲಿ ವೈದ್ಯನಾದ, ಅದೇ ವರ್ಷ ಕೆಮ್ಮಿದಾಗ ರಕ್ತ ಬಿತ್ತು. ಆಮೇಲೂ ಹಲವು ಸಲ ಬಿತ್ತು. ವೈದ್ಯನಾದ ಅವನಿಗೆ ಅದರ ಅರ್ಥ ಊಹಿಸಲಾಗದ್ದೇನಲ್ಲ. ಆದರೂ ಕ್ಷಯವೆಂದು ಖಚಿತವಾಗಿ ಹೇಳಿಸಿಕೊಂಡಿದ್ದು 1897ರಲ್ಲಿ, ರಕ್ತಸ್ರಾವ ಜೋರಾಗಿ ಮಾಸ್ಕೋದ ಆಸ್ಪತ್ರೆ ಸೇರಿದಾಗ. ಈ ಕಥೆ ಬಂದಿದ್ದು ಮರುವರ್ಷ. ಜೀವನಚರಿತ್ರೆಯಿಂದ ಕಥೆಯನ್ನು ಬಿಡಿಸುವ ಚಟ ನನಗಿಲ್ಲ. ಆದರೆ ಹದಿಮೂರು ವರ್ಷ ಒಂದು ಹೆಸರನ್ನು ತನ್ನ ಹತ್ತಿರ ಬರಗೊಡದೆ ಬದುಕಿದ ಮನುಷ್ಯನಿಗೆ, ಹೆಸರಿಡುವುದರ ಬೆಲೆಯೂ ಹೆಸರಿಡದಿರುವುದರ ಬೆಲೆಯೂ ಗೊತ್ತಿದ್ದಿರಬೇಕು.

ಟಾಲ್‌ಸ್ಟಾಯ್‌ನ ವೈದ್ಯನಿಗೂ ಕೊರೊಲ್ಯೋವ್‌ಗೂ ಇರುವ ಅಂತರ ವಿದ್ಯೆಯದ್ದಲ್ಲ. ಇಬ್ಬರೂ ಸರಿಯಾಗಿಯೇ ಪರೀಕ್ಷಿಸಿದ್ದಾರೆ. ಕೊರೊಲ್ಯೋವ್ ಬಹಳ ಒಳ್ಳೆಯವನೂ ಅಲ್ಲ, ರೈಲು ಹಿಡಿಯುವ ಅವಸರ ಅವನಿಗೂ ಇತ್ತು. ತನ್ನ ಪ್ರಶ್ನೆ ಮುಗಿದ ಮೇಲೂ ಅವಳ ಪ್ರಶ್ನೆ ಮುಗಿದಿಲ್ಲ ಎಂಬುದು ಅವನ ಗಮನಕ್ಕೆ ಬಂದಿತು, ಅದೂ ಒಂದು ರಾತ್ರಿ ಉಳಿಯಬೇಕಾಗಿ ಬಂದದ್ದರಿಂದ. ಇಲ್ಲೇ ನಮ್ಮ ಕಾಲದ ತೊಡಕು ಕಾಣುತ್ತದೆ. ಸರ್ಕಾರಿ ಆಸ್ಪತ್ರೆಯ ಬೆಳಗಿನ ಸಾಲಿನಲ್ಲಿ ನೂರು ಜನರನ್ನು ನೋಡಿ ಮುಗಿಸಬೇಕಾದ ವೈದ್ಯನಿಗೆ ‘ಒಂದು ರಾತ್ರಿ ಉಳಿ’ ಎಂದು ಹೇಳುವುದು ಸುಲಭ. ಅವನ ಮಾತು ಮೊಟಕಾಗಿದ್ದರೆ ಅದಕ್ಕೆ ಅವನ ಸ್ವಭಾವವೊಂದೇ ಕಾರಣವಲ್ಲ. ಅನಿಶ್ಚಿತತೆಯನ್ನು ಹಂಚಿಕೊಳ್ಳುವುದಕ್ಕೆ ಹೊತ್ತು ಬೇಕು, ಹೊತ್ತಿಗೆ ದುಡ್ಡು ಬೇಕು, ದುಡ್ಡಿಲ್ಲದ ಕಡೆ ಗಟ್ಟಿದನಿಯಲ್ಲಿ ಒಂದು ಹೆಸರು ಹೇಳಿ ಮಾತ್ರೆ ಬರೆಯುವುದೇ ನಡೆಯುವ ದಾರಿ. ರೋಗಿಗೂ ಅದೇ ಬೇಕೆನ್ನಿಸುತ್ತದೆ. ‘ಗೊತ್ತಿಲ್ಲ’ ಎಂದ ವೈದ್ಯನನ್ನು ಬಿಟ್ಟು ‘ಇದೇ’ ಎಂದವನ ಬಳಿ ಹೋಗುವವರು ನಾವೇ.

ಕ್ಲಿನಿಕ್ಕಿನ ಸುತ್ತ ಬಳಕೆಯಲ್ಲಿರುವ ನಮ್ಮ ಮಾತುಗಳಲ್ಲಿ ಇದೆಲ್ಲದರ ಛಾಯೆ ಇದೆ. ಏನೂ ಸಿಗದಿದ್ದರೆ ‘ಏನೂ ಇಲ್ಲ’ ಎನ್ನುತ್ತೇವೆ. ‘ಸಿಗಲಿಲ್ಲ’ ಮತ್ತು ‘ಇಲ್ಲ’ ಎರಡರ ನಡುವಿನ ಅಂತರ ಆ ಮಾತಿನಲ್ಲಿ ಅಳಿಸಿಹೋಗುತ್ತದೆ. ವಾಸಿಯಾದರೆ ‘ಕೈಗುಣ’ ಎನ್ನುತ್ತೇವೆ. ಕೈಗುಣ ಎಂಬುದು ಸುಂದರವಾದ ಮಾತು. ಔಷಧಿಯ ಆಚೆ ಇನ್ನೇನೋ ಕೆಲಸ ಮಾಡಿದೆ, ಅದೇನೆಂದು ವೈದ್ಯನಿಗೂ ಗೊತ್ತಿಲ್ಲ ಎಂಬ ಒಪ್ಪಿಗೆ ಅದರಲ್ಲಿದೆ. ಆದರೆ ತಾನಾಗಿ ಇಳಿದ ಜ್ವರದ ಕೀರ್ತಿಯನ್ನು ಯಾರದೋ ಕೈಗೆ ಕಟ್ಟುವ ಮರುಳೂ ಅದರಲ್ಲೇ ಇದೆ.

ವೈದ್ಯ ಲೇಖಕರ ದೊಡ್ಡ ಸಾಲು ಕನ್ನಡಕ್ಕಿದೆ. ‘ಕೊರವಂಜಿ’ಯ ರಾಶಿ ವೈದ್ಯರು, ಅನುಪಮಾ ನಿರಂಜನ ವೈದ್ಯೆ. ‘ತಾಯಿ ಮಗು’ವಿನಂಥ ಪುಸ್ತಕ ಎಷ್ಟೋ ಮನೆಗಳಿಗೆ ತಿಳಿವಳಿಕೆ ತಂದಿತು, ಅದು ಸಣ್ಣ ಕೆಲಸವಲ್ಲ. ಗೊತ್ತಿದ್ದುದನ್ನು ಜನರ ಭಾಷೆಯಲ್ಲಿ ಹೇಳುವ ಆ ಕೆಲಸದ ಪಕ್ಕದಲ್ಲಿ, ಗೊತ್ತಿಲ್ಲದ್ದನ್ನು ಜನರ ಭಾಷೆಯಲ್ಲಿ ಹೇಳುವ ಗದ್ಯವೂ ನಮಗೆ ಬೇಕು ಎಂದು ಈ ನಾಲ್ಕು ಕೃತಿಗಳನ್ನು ಓದಿದ ಮೇಲೆ ನನಗನ್ನಿಸಿದೆ. ಗೆದ್ದ ರೋಗಪತ್ತೆಗಳಷ್ಟೇ ಅಲ್ಲ, ಹೆಸರೇ ಸಿಗದೆ ಇಳಿದುಹೋದ ಜ್ವರಗಳು, ಸುಳ್ಳಾದ ಅನುಮಾನಗಳು, ‘ಇನ್ನೂ ಗೊತ್ತಿಲ್ಲ, ಗುರುವಾರ ಮತ್ತೆ ಬನ್ನಿ’ ಎಂದು ಹೇಳಿ ಗುರುವಾರದವರೆಗೆ ತಾನೂ ಆ ಚಿಂತೆಯನ್ನು ಹೊತ್ತ ವೈದ್ಯರು, ಇವೆಲ್ಲ ಅದರಲ್ಲಿ ಬರಬೇಕು. ಬರೆಯಬಲ್ಲ ವೈದ್ಯರು ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಈಗಲೂ ಇದ್ದಾರೆ. ಅವರು ಬರೆಯಲಿ, ಅಂತ್ಯ ಕೇಳದೆ ಓದುವುದನ್ನು ಅಷ್ಟರಲ್ಲಿ ನಾವು ಕಲಿತಿರೋಣ.